ಬೆಳಕಿಂಡಿಯ ಗಾಜನ್ನು ಕೆಳಗಿನಿಂದಲೂ ಕೂಡಿಸಬೇಕು

ಗಾಜಿನ ಅಂಗಡಿಯ ಮೆಟ್ಟಿಲು ಹತ್ತಿದವರು ಮೊದಲು ಆಡುವ ಮಾತು ಒಂದೇ. “ಗಟ್ಟಿ ಗಾಜು ಕೊಡ್ರಿ.” ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಮೇಲೂ ಆ ಉರಿ ಆರಿಲ್ಲ. ಗಟ್ಟಿ ಗಾಜು ಎನ್ನುವುದು ಇಲ್ಲವೇ ಇಲ್ಲ. ಎಲ್ಲ ಗಾಜೂ ಒಂದಲ್ಲ ಒಂದು ದಿನ ಒಡೆಯುತ್ತದೆ. ಒಡೆದ ಮೇಲೆ ಅದು ಹತ್ತಿರ ನಿಂತ ಮನುಷ್ಯನಿಗೆ ಏನು ಮಾಡುತ್ತದೆ ಎಂಬುದು ಕೇಳಬೇಕಾದ ಪ್ರಶ್ನೆ. ಅದನ್ನು ತಾವಾಗಿಯೇ ಕೇಳಿದ ಗಿರಾಕಿಗಳನ್ನು ನಾನು ಕಂಡದ್ದು ಬಹಳ ಕಡಿಮೆ. ಬಣ್ಣ ಕೇಳುತ್ತಾರೆ, ಹೂವಿನ ನಕ್ಷೆ ಕೇಳುತ್ತಾರೆ, ಬೀಗರ ಮನೆಯಲ್ಲಿ ಹಾಕಿಸಿದಂಥದ್ದೇ ಬೇಕು ಎನ್ನುತ್ತಾರೆ.

ಈಗ ಈ ಕೆಲಸಕ್ಕೆ ಸೇರುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮಗೆ ಕೈಗವಸು ಇದೆ. ಗಾಜು ಎತ್ತಲು ರಬ್ಬರಿನ ಹಿಡಿಕೆ ಇದೆ. ಅಳತೆ ಬರೆದು ಕಳಿಸಿದರೆ ಹದ ಮಾಡಿದ ಗಾಜು ಹುಬ್ಬಳ್ಳಿಯಿಂದ ಗಾಡಿಯಲ್ಲಿ ಬಂದು ಇಳಿಯುತ್ತದೆ. ಎಂಬತ್ತರ ದಶಕದಲ್ಲಿ ನಮಗೆ ಇದ್ದದ್ದು ಹಳೆಯ ಧೋತರದ ತುಂಡು. ಅದನ್ನೇ ಅಂಗೈಗೆ ಸುತ್ತಿಕೊಂಡು ಗಾಜು ಹಿಡಿಯುತ್ತಿದ್ದೆವು. ಹುಬ್ಬಳ್ಳಿಯಿಂದ ಗಾಜು ತರುವಾಗ ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ಡ್ರೈವರನ ಬೆನ್ನ ಹಿಂದೆ ನಿಲ್ಲಿಸಿ, ಅಣ್ಣಿಗೇರಿ ಬರುವವರೆಗೆ ತೊಡೆಗೆ ಆನಿಸಿಕೊಂಡು ನಿಲ್ಲುತ್ತಿದ್ದೆವು. ಗಾಜನ್ನು ಚೌಕಟ್ಟಿಗೆ ಕೂರಿಸುವ ಪುಟ್ಟಿಯನ್ನೂ ನಾವೇ ಮಾಡಬೇಕಿತ್ತು. ಸೀಮೆಸುಣ್ಣದ ಪುಡಿಗೆ ಅಗಸಿ ಎಣ್ಣೆ ಹಾಕಿ ರೊಟ್ಟಿಯ ಹಿಟ್ಟಿನ ಹಾಗೆ ನಾದಿದರೆ ಅದು ಪುಟ್ಟಿ. ಎಣ್ಣೆ ಹಳೆಯದಾದರೆ ಪುಟ್ಟಿ ಬಿರುಕು ಬಿಡುತ್ತಿತ್ತು, ಬೈಗುಳ ನಮಗೆ ಬೀಳುತ್ತಿತ್ತು.

ಕೆಲಸ ಕಲಿತದ್ದು ಹುಬ್ಬಳ್ಳಿಯಲ್ಲಿ, ಖಾದರ್ ಚಾಚಾ ಎಂಬ ಹಿರಿಯ ಫಿಟ್ಟರನ ಕೈಕೆಳಗೆ. ಆಮೇಲೆ ಅಣ್ಣಿಗೇರಿಯ ಒಂದು ಗಾಜು ಮತ್ತು ಫೋಟೋ ಕಟ್ಟಿನ ಅಂಗಡಿಯಲ್ಲಿ ನೌಕರಿ. ಚಾಚಾ ಮೊದಲು ಕಲಿಸಿದ್ದು ಕೊಯ್ಯುವುದನ್ನಲ್ಲ, ಒಡೆಯುವುದನ್ನು. ಅಂಗಡಿಯ ಹಿಂದಿನ ಬಯಲಿಗೆ ಕರೆದುಕೊಂಡು ಹೋಗಿ, ಬೇರೆ ಬೇರೆ ಗಾಜಿನ ತುಂಡುಗಳನ್ನು ಸಾಲಾಗಿ ಇಟ್ಟು, ಒಂದೊಂದಕ್ಕೂ ಸುತ್ತಿಗೆ ಕೊಟ್ಟ. ಸಾದಾ ಗಾಜು ಚೂರಿಗಳಾಗಿ ಸೀಳಿತು. ಕಾಯಿಸಿ ಹದ ಮಾಡಿದ ಗಾಜು, ಈಗ ಎಲ್ಲರೂ ಟಫನ್ ಎನ್ನುವುದು, ಕಲ್ಲುಸಕ್ಕರೆಯ ಹರಳಿನ ಹಾಗೆ ಉದುರಿತು. ಎರಡು ಗಾಜಿನ ನಡುವೆ ತೆಳು ಹಾಳೆ ಇಟ್ಟು ಅಂಟಿಸಿದ ಲ್ಯಾಮಿನೇಟೆಡ್ ಗಾಜು ಬಿರುಕು ಬಿಟ್ಟಿತು, ಆದರೆ ನಿಂತಲ್ಲೇ ನಿಂತಿತು. ಕೊನೆಗೆ ತಂತಿ ಗಾಜು. ಅದರ ಹೊಟ್ಟೆಯೊಳಗೆ ತಂತಿಯ ಬಲೆ ಇರುತ್ತದೆ. ಒಡೆದ ತುಂಡುಗಳು ಕೆಳಗೆ ಬೀಳದೆ ಆ ಬಲೆಗೇ ಜೋತುಬಿದ್ದವು.

ನಾನು ಹುರುಪಿನಲ್ಲಿ, “ಇದ ಎಲ್ಲಾಕ್ಕಿಂತ ಭಾರಿ ಐತಲ್ರಿ ಚಾಚಾ” ಎಂದೆ.

“ಹುಚ್ಚ್ಯಾ, ತಂತಿ ನೋಡಿ ಮೋಸ ಹೋಗಬ್ಯಾಡ” ಎಂದ ಚಾಚಾ. “ಇದು ನೆತ್ತಿ ಮ್ಯಾಲ ಹಾಕೂದು. ಕೆಳಗ ಕುಂತವರ ತಲಿ ಮ್ಯಾಲ ತುಂಡು ಬೀಳಬಾರದಂತ ಅಷ್ಟ. ಇದನ್ನ ತುಳಿಯಾಕ ಬರೂದಿಲ್ಲ ಬೇಟಾ. ಕಾಲು ಒಳಗ ಹೋತಂದ್ರ ಬಿಡೂದಿಲ್ಲ ಇದು.”

ಈ ಮಾತನ್ನು ನೀವೂ ನೆನಪಿಟ್ಟುಕೊಳ್ಳಿ. ಒಂದೊಂದು ಗಾಜಿಗೆ ಒಂದೊಂದು ಜಾಗ. ಬಚ್ಚಲ ಬಾಗಿಲು, ಮೊಣಕಾಲ ಮಟ್ಟಕ್ಕೆ ಬರುವ ಕಿಟಕಿ, ಮೆಟ್ಟಿಲ ಪಕ್ಕ, ಟೀಪಾಯಿಯ ಮೇಲ್ಭಾಗ, ಇಂಥ ಕಡೆ ಹರಳಾಗಿ ಉದುರುವ ಗಾಜು ಬೇಕು. ಬೀದಿಯ ಕಡೆಗೆ, ಕಲ್ಲು ಬೀಳುವ ಕಡೆಗೆ, ಒಡೆದರೂ ನಿಲ್ಲುವ ಗಾಜು ಬೇಕು. ದೇವರ ಫೋಟೋಕ್ಕೆ, ಕೈಗೆಟುಕದ ಗೂಡಿಗೆ ಸಾದಾ ಗಾಜು ಸಾಕು. ಇಷ್ಟು ತಿಳಿಯಲು ಪಂಡಿತನಾಗಬೇಕಿಲ್ಲ. ಆದರೂ ಯಾರೂ ಕೇಳುವುದಿಲ್ಲ.

ಮೊದಲು ನಮ್ಮ ಮಾಲಕರ ಸುದ್ದಿ. ಆಗ ಮದುವೆಯಲ್ಲಿ ಗಾಜಿನ ಟೀಪಾಯಿ ಕೊಡುವ ಷೋಕಿ ಹತ್ತಿತ್ತು. ಮಾಲಕರು ಹುಬ್ಬಳ್ಳಿಯ ಗುಜರಿಯಿಂದ ಹಳೆಯ ಮೋಟಾರುಗಳ ಬಾಜೂ ಕಿಟಕಿಯ ಗಾಜುಗಳನ್ನು ಅಗ್ಗಕ್ಕೆ ಹೊತ್ತು ತಂದರು. ಕೊಯ್ದು ಚೌಕ ಮಾಡಿ ಟೀಪಾಯಿಗೆ ಕೂಡಿಸುವುದು ಅವರ ಲೆಕ್ಕ. ಮೂಲೆಯಲ್ಲಿದ್ದ ಗುರುತು ನೋಡಿ ನಾನು ಹೇಳಿದೆ, ಇದು ಹದ ಮಾಡಿದ ಗಾಜು, ಅಳತೆಗೆ ಕೊಯ್ದ ಮೇಲೇ ಇದನ್ನು ಕಾಯಿಸುತ್ತಾರೆ, ಕಾಯಿಸಿದ ಮೇಲೆ ಯಾರಪ್ಪನಿಂದಲೂ ಕೊಯ್ಯಲು ಆಗುವುದಿಲ್ಲ ಎಂದು. ಮಾಲಕರು ಗಿರಾಕಿಗಳ ಮುಂದೆ ನನ್ನನ್ನು ನೋಡಿ ನಕ್ಕರು.

“ವಜ್ರದ ಮೊನಿಗೆ ಬಗ್ಗದ ಗಾಜು ಯಾವ ಊರಾಗ ಐತೋ? ಸರಿ ಅತ್ತಾಗ.”

ಕಟ್ಟರ್ ತೆಗೆದುಕೊಂಡು ಗೆರೆ ಎಳೆದರು, ಅಂಚಿಗೆ ತಟ್ಟಿದರು. ಢಬ್ ಎಂದಿತು. ಮೇಜಿನ ಮೇಲೆ ಗಾಜು ಇರಲಿಲ್ಲ, ಹರಳಿನ ರಾಶಿ ಇತ್ತು. ಗಿರಾಕಿಗಳ ಚಹಾದ ಕಪ್ಪಿನಲ್ಲಿ ಹರಳು, ಮಾಲಕರ ಬನಿಯನ್ನಿನಲ್ಲಿ ಹರಳು. ಯಾರಿಗೂ ಗಾಯವಾಗಲಿಲ್ಲ, ಅದೇ ಆ ಗಾಜಿನ ಗುಣ. ಮಾಲಕರು ಅಷ್ಟಕ್ಕೇ ಬಿಡಬೇಕೋ ಬೇಡವೋ? “ಇದು ಹಳೇದು, ಸವದಿತ್ತು” ಎಂದು ಇನ್ನೊಂದನ್ನು ಎತ್ತಿಕೊಂಡರು. ಅದೂ ಹಾಗೇ ಹೋಯಿತು. ಸಂಜೆ ಅವರು ಊರ ತುಂಬ ಹೇಳಿದ್ದು ಏನೆಂದರೆ, ದುರಗ್ಯಾ, ಅಂದರೆ ನಾನು, ಗಾಜಿನ ಕಟ್ಟು ಕೈಬಿಟ್ಟ, ಎಲ್ಲ ಹಾಳು ಮಾಡಿದ ಎಂದು. ನಾನು ಹಲ್ಲು ಕಚ್ಚಿಕೊಂಡು ಹರಳು ಗುಡಿಸಿದೆ. ಮನೆಯಲ್ಲಿ ಉಣ್ಣುವ ಬಾಯಿಗಳಿದ್ದವು.

ಇನ್ನೊಂದು ಮನೆ ಕಲಘಟಗಿಯ ಆಚೆ, ಅಡವಿಯ ಅಂಚಿನಲ್ಲಿ. ಅಲ್ಲಿನ ದೊಡ್ಡ ಮನೆತನದವರು ಪಡಸಾಲೆಗೆ ದೊಡ್ಡ ಗಾಜಿನ ಕಿಟಕಿ ಹಾಕಿಸಿದ್ದರು. ಅಡವಿಯ ಒಂದು ಮಂಗ್ಯಾ ದಿನಾ ಬಂದು, ಗಾಜಿನಲ್ಲಿ ತನ್ನದೇ ಮುಖ ನೋಡಿ, ಯಾವನೋ ವೈರಿ ಒಳಗೆ ಕುಳಿತಿದ್ದಾನೆ ಎಂದು ಗುದ್ದುತ್ತಿತ್ತು. ಸಾದಾ ಗಾಜು ಮತ್ತೆ ಮತ್ತೆ ಒಡೆಯಿತು. ಒಂದು ಸಲ ಮಂಗ್ಯಾನ ಕೈ ಸೀಳಿ ಕಟ್ಟೆಯ ತುಂಬ ರಕ್ತವಾಯಿತು. ಆ ಮನೆಯ ಆಯಿ, ಅಂದರೆ ಅಜ್ಜಿ, ಊಟ ಬಿಟ್ಟಳು.

“ಹನಮಪ್ಪನ ರಕ್ತ ಬಿದ್ದೈತಿ ನಮ್ಮ ಮನ್ಯಾಗ. ಅದು ಬಂದು ಗುದ್ದಿದ್ರೂ ಅದರ ಕೈಗೆ ಏನೂ ಆಗಬಾರ್ದು, ಅಂಥಾ ಗಾಜು ತಂದು ಹಾಕೋ ತಮ್ಮಾ. ಎಷ್ಟರ ಆಗಲಿ.”

ಹಳೆಯ ಜೀಪಿನ ಮುಂದಿನ ಗಾಜು ಒಂದು ಸಿಕ್ಕಿತು. ಸಪಾಟಾದದ್ದು, ನಡುವೆ ಹಾಳೆ ಇದ್ದದ್ದು. ಅದನ್ನೇ ಚೌಕಟ್ಟು ಮಾಡಿ ಕೂಡಿಸಿದೆ. ಮಂಗ್ಯಾ ಗುದ್ದಿತು, ಗಾಜಿನ ತುಂಬ ಬಿರುಕು ಮೂಡಿತು, ಒಂದು ಚೂರೂ ಬೀಳಲಿಲ್ಲ. ಬಿರುಕಿನಲ್ಲಿ ತನ್ನ ಮುಖ ಸರಿಯಾಗಿ ಕಾಣದೆ ಮಂಗ್ಯಾ ಬೇಸತ್ತು ಹೋಯಿತು. ಆಯಿ ನನಗೆ ಹೊಸ ಟವಲು ಕೊಟ್ಟಳು. ನನಗೆ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅದೇ ಮನೆಯ ಬಚ್ಚಲಿಗೆ ಮೇಲಿನಿಂದ ಕೆಳಗಿನವರೆಗೆ ಸಾದಾ ಗಾಜಿನ ಬಾಗಿಲಿತ್ತು. ಹೆಂಗಸರು ಒದ್ದೆ ಕಾಲಿನಲ್ಲಿ ಓಡಾಡುವ ಜಾಗ. ಅದನ್ನೂ ಬದಲಾಯಿಸಿ ಎಂದು ಹೇಳಿದರೆ ಹಿರಿಯ ಮಗ, “ಅಲ್ಲೇನ್ ಮಂಗ್ಯಾ ಬರತಾವೇನು?” ಎಂದು ನಕ್ಕುಬಿಟ್ಟ. ಅಡವಿಯ ಮಂಗನ ಕೈಗೆ ಇದ್ದ ಕಾಳಜಿ ಸ್ವಂತ ಮನೆಯ ಹೆಂಗಸರ ಮೈಗೆ ಇಲ್ಲ. ಥೂ ಎನ್ನಬೇಕೆನಿಸಿತು.

ಎಲ್ಲರೂ ಹಾಗಿರಲಿಲ್ಲ ಎನ್ನಿ. ಕುಂದಗೋಳದಲ್ಲಿ ಒಬ್ಬ ಮಾಸ್ತರರು ಬಚ್ಚಲ ಬಾಗಿಲಿಗೆ ಮಸುಕು ಗಾಜು ತೋರಿಸಿ, “ಇದು ನೋಡಾಕ ದಪ್ಪ ಅನಸತೈತಿ, ಇದ ಇರಲಿ” ಎಂದರು. ಮಸುಕು ಗಾಜೆಂದರೆ ಮುಖ ಒರಟು ಮಾಡಿದ ಸಾದಾ ಗಾಜು, ಒಡೆದರೆ ಅದೇ ಚೂರಿ. ನಾನು ಹೇಳಿದ್ದನ್ನು ಒಳಗಿನಿಂದ ಕೇಳಿಸಿಕೊಂಡ ಅವರ ಹೆಂಡತಿ ಹೊರಗೆ ಬಂದು, “ಸೊಂಟದ ತನಕ ಕಟಗಿ ಹಾಕ್ರಿ, ಮ್ಯಾಲ ಅಷ್ಟ ಗಾಜು ಇರಲಿ” ಎಂದು ತೀರ್ಪು ಕೊಟ್ಟರು. ಹದ ಮಾಡಿದ ಗಾಜು ಕೈಗೆಟುಕದಿದ್ದರೆ ಇದು ಒಳ್ಳೆಯ ದಾರಿ. ಇದನ್ನು ನಾನು ಆಮೇಲೆ ಎಷ್ಟೋ ಮನೆಗಳಲ್ಲಿ ಮಾಡಿಸಿದೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದು ಕುಳಿತ ಮಾತಿಗೆ ಬರುತ್ತೇನೆ.

ನವಲಗುಂದ, ಅಣ್ಣಿಗೇರಿ ಕಡೆಯ ಹಳೆಯ ಮನೆಗಳಿಗೆ ಹೆಂಚಿಲ್ಲ. ತೊಲೆ, ಜಂತಿ, ಅವುಗಳ ಮೇಲೆ ಮಣ್ಣು, ಮೇಲೆ ಸಪಾಟಾದ ಮಾಳಿಗೆ. ಮಳೆಗಾಲದ ಮುಂಚೆ ಸವಳು ಮಣ್ಣು ಹಾಕಿ ತುಳಿದು ಗಟ್ಟಿ ಮಾಡುತ್ತಾರೆ. ಜೋಳ, ಮೆಣಸಿನಕಾಯಿ, ಹಪ್ಪಳ, ಶ್ಯಾವಿಗೆ ಎಲ್ಲ ಒಣಗುವುದು ಅಲ್ಲೇ. ಮನೆಯೊಳಗೆ ಮಾತ್ರ ಹಗಲಿನಲ್ಲೂ ಕತ್ತಲೆ. ಅದಕ್ಕಾಗಿ ಮಾಳಿಗೆಯಲ್ಲಿ ಒಂದು ಚೌಕ ತೂತು ಬಿಟ್ಟಿರುತ್ತಾರೆ, ಅದೇ ಬೆಳಕಿಂಡಿ. ಮಳೆ ಬಂದರೆ ಯಾರಾದರೂ ಓಡಿಹೋಗಿ ಅದರ ಮೇಲೆ ಕಲ್ಲುಚಪ್ಪಡಿ ಎಳೆಯಬೇಕು. ಆ ಯಾರಾದರೂ ಎಂದರೆ ಯಾವಾಗಲೂ ಮನೆಯ ಸೊಸೆ. ಎಂಬತ್ತರ ದಶಕದಲ್ಲಿ ಬೆಳಕಿಂಡಿಗೆ ಗಾಜು ಹಾಕಿಸುವುದು ಶುರುವಾಯಿತು. ಬೆಳಕು ಬರುತ್ತದೆ, ಮಳೆ ಬರುವುದಿಲ್ಲ, ಓಡುವ ಕೆಲಸವಿಲ್ಲ. ಹೆಂಗಸರು ನಮ್ಮನ್ನು ಹರಸುತ್ತಿದ್ದರು.

ಬೆಳಕಿಂಡಿಗೆ ಗಾಜು ಹಾಕುವ ಪದ್ಧತಿ ಇದು. ಮೇಲೆ ತಂತಿ ಗಾಜು. ಅದರ ಸುತ್ತ ಗೇಣೆತ್ತರದ ಕಟ್ಟೆ, ಯಾರೂ ಗೊತ್ತಿಲ್ಲದೆ ತುಳಿಯಬಾರದೆಂದು. ಗಾಜಿನ ಅಡಿಗೆ ಕಬ್ಬಿಣದ ಗ್ರಿಲ್. ಅದನ್ನು ಮನೆಯೊಳಗೆ ನಿಂತು, ಕೆಳಗಿನಿಂದ, ತೊಲೆಗೆ ಬಿಗಿಯಬೇಕು. ಮೇಲಿನಿಂದ ಇಳಿಸಿದರೆ ಅದು ಮಣ್ಣಿನ ಮೇಲೆ ಕೂರುತ್ತದೆ, ಮಣ್ಣು ಕುಸಿದ ದಿನ ಅದೂ ಕುಸಿಯುತ್ತದೆ. ತೊಲೆ ಇರುವುದು ಒಳಗೆ. ಆದ್ದರಿಂದ ಫಿಟ್ಟರ್ ಒಳಗೆ ಹೋಗಲೇಬೇಕು.

ಇಲ್ಲಿ ನಾನು ಯಾವ ಓಣಿಯವನೆಂದು ಹೇಳಬೇಕು. ನಾನು ದಲಿತರ ಓಣಿಯವನು. ಆಗ ಆ ಓಣಿಯನ್ನು ಊರವರು ಬೇರೆ ಹೆಸರಿನಿಂದ ಕರೆಯುತ್ತಿದ್ದರು, ಅದನ್ನು ಇಲ್ಲಿ ಬರೆಯುವುದಿಲ್ಲ. ಎಷ್ಟೋ ಮನೆಗಳಿಗೆ ನಾನು ಬೆಳಕು ಕೂಡಿಸಿದ್ದೇನೆ, ಆ ಬೆಳಕು ಬೀಳುವ ನೆಲವನ್ನು ಮೆಟ್ಟಿಲ್ಲ. ಮನೆಯೊಳಗೆ ಮಾಳಿಗೆಗೆ ಹತ್ತುವ ಮೆಟ್ಟಿಲಿದ್ದರೂ ನನಗೆ ಹಿತ್ತಲ ಗೋಡೆಗೆ ನಿಚ್ಚಣಿಕೆ ಹಚ್ಚುತ್ತಿದ್ದರು. ಅವರ ತಲೆಯ ಮೇಲೆ ನಾನು ಓಡಾಡಬಹುದಿತ್ತು, ಅವರ ಹೊಸ್ತಿಲು ದಾಟುವ ಹಾಗಿರಲಿಲ್ಲ. ಇದರಲ್ಲಿ ಏನು ನ್ಯಾಯವಿತ್ತು ಎಂದು ನನಗೆ ಇವತ್ತಿಗೂ ಯಾರೂ ಹೇಳಿಲ್ಲ.

ನವಲಗುಂದದ ಕಡೆಯ ಒಂದು ಹಳ್ಳಿ. ಹನಮಗೌಡರೆಂಬ ಹೊಲವುಳ್ಳ ಕುಳ. ಅವರ ಅಡಿಗೆಮನೆಯ ಬೆಳಕಿಂಡಿಗೆ ಗಾಜು ಹಾಕಲು ಮಾಲಕರು ನನ್ನನ್ನು ಕಳಿಸಿದರು. ನಿಚ್ಚಣಿಕೆ ಹತ್ತಿ, ತಂತಿ ಗಾಜನ್ನು ಪುಟ್ಟಿಯಲ್ಲಿ ಕೂರಿಸುವ ಮುಂಚೆ ಬಗ್ಗಿ ಒಳಗೆ ನೋಡಿದೆ. ಒಲೆಯ ಮುಂದೆ ಕುಳಿತಿದ್ದ ಸೊಸೆ ನೀಲವ್ವ ತಲೆ ಎತ್ತಿ ಕೇಳಿದಳು.

“ಅಣ್ಣಾ, ಇನ್ನ ಮಳಿ ಬಂದ್ರ ನಾ ಹಿಟ್ಟಿನ ಕೈಲೇ ಓಡಿ ಬರೂದ ಬ್ಯಾಡಲ್ಲಾ?”

“ಬ್ಯಾಡವ್ವಾ. ಆದ್ರ ಇದರ ಮ್ಯಾಲ ಕಾಲ ಮಾತ್ರ ಇಡಬ್ಯಾಡ.”

ಕೆಳಗಿಳಿದು ಬಂದು ಹಿತ್ತಲಲ್ಲಿ ನಿಂತ ಗೌಡರಿಗೆ ಹೇಳಿದೆ. “ಗೌಡ್ರ, ಗ್ರಿಲ್ ಒಳಗಿಂದ ಹಚ್ಚಬೇಕ್ರಿ.”

“ಒಳಗ ಅಂದ್ರ ಎಲ್ಲಿ?”

“ಅಡಗಿಮನ್ಯಾಗ್ರಿ. ತೊಲಿಗೆ ಬಿಗೀಬೇಕು.”

ಗೌಡರು ನನ್ನ ಮುಖ ನೋಡಲಿಲ್ಲ. ನನ್ನ ಕಾಲು ನೋಡಿದರು. “ಅದೆಲ್ಲಾ ಬ್ಯಾಡ. ಮ್ಯಾಲಿಂದ ಎಷ್ಟ ಆಗತೈತಿ ಅಷ್ಟ ಮಾಡಿ ಹೋಗು.”

“ಹಂಗಾರ ಬಡಿಗ್ಯಾರನ್ನರ ಕರಸಿ ಹಚ್ಚಸ್ರಿ. ಗ್ರಿಲ್ ಇಲ್ಲದ ಬಿಡಬ್ಯಾಡ್ರಿ.”

“ಹಚ್ಚಸೂಣು ತಗೋ. ಗಾಜಿನ್ಯಾಗ ತಂತಿ ಐತಿ, ಮತ್ತ ಕಬ್ಬಿಣ ಯಾಕ ಬೇಕು?”

ಅಂಗಡಿಗೆ ಬಂದು ಮಾಲಕರಿಗೆ ಹೇಳಿದೆ. ನೀವಾದರೂ ಹೋಗಿ ಗೌಡರಿಗೆ ತಿಳಿಸಿ ಎಂದೆ. ಅವರಿಗೆ ಸಿಟ್ಟು ಬಂತು. “ಒಳಗ ಬಿಡಲಿಲ್ಲಂದ್ರ ಬಿಡಲಿಲ್ಲ. ನಿನ್ನ ಗಂಟೇನ್ ಹೋತು? ಗಿರಾಕಿ ಕೆಡಸಬ್ಯಾಡ.”

ಗೌಡರು ಬಡಿಗನನ್ನು ಕರೆಸಲಿಲ್ಲ. ನಾನು ಬಿಟ್ಟು ಬಂದ ಗ್ರಿಲ್ಲು ದನದ ಕೊಟ್ಟಿಗೆ ಸೇರಿತು. ಮುಂದಿನ ಬೇಸಿಗೆಯಲ್ಲಿ ಸವಳು ಮಣ್ಣು ಹಾಕಿಸುವಾಗ, ಕಾಳು ಹರವಲು ಅಡ್ಡ ಬರುತ್ತದೆ ಎಂದು ಕಟ್ಟೆಯನ್ನೂ ಒಡೆಸಿ ಮಾಳಿಗೆಯನ್ನು ಸಮ ಮಾಡಿಸಿದರು. ಈಗ ಗಾಜು ನೆಲದ ಮಟ್ಟಕ್ಕೆ ಬಂತು.

ಮೆಣಸಿನಕಾಯಿ ಸುಗ್ಗಿ. ನಾನು ಅದೇ ಓಣಿಯಲ್ಲಿ, ಗೌಡರ ಮನೆಗೆ ಹತ್ತಿದ ಮಾಳಿಗೆಯ ಮೇಲೆ, ಇನ್ನೊಬ್ಬರ ಬೆಳಕಿಂಡಿಯ ಕೆಲಸದಲ್ಲಿದ್ದೆ. ಗೌಡರ ಮಾಳಿಗೆಯ ತುಂಬ ತಾಡಪತ್ರಿ ಹಾಸಿ ಕೆಂಪು ಮೆಣಸಿನಕಾಯಿ ಹರವಿದ್ದರು. ತಾಡಪತ್ರಿ ಗಾಜಿನ ಮೇಲೂ ಬಿದ್ದಿತ್ತು. ನೀಲವ್ವ ಕಾಯಿ ತಿರುವಿ ಹಾಕುತ್ತ ಹಿಂದೆ ಹಿಂದೆ ಸರಿಯುತ್ತಿದ್ದಳು. ನಾನು ತಲೆ ಎತ್ತಿ ಕೂಗುವಷ್ಟರಲ್ಲಿ ಸದ್ದು ಬಂತು.

ಒಂದು ಕಾಲು ಗಾಜು ಒಡೆದು ತೊಡೆಯವರೆಗೆ ಕೆಳಗಿಳಿದು, ಅವಳು ಅಲ್ಲೇ ಕುಳಿತುಬಿಟ್ಟಿದ್ದಳು. ಕಾಳು ತುಂಬುವ ನೆಲದ ಗುಂಡಿಯಲ್ಲಿ, ಹಗೇವಿನಲ್ಲಿ, ಕಾಲು ಸಿಕ್ಕ ದನದ ಹಾಗೆ ಚೀರುತ್ತಿದ್ದಳು. ಗಂಡ ಓಡಿಬಂದು ರಟ್ಟೆ ಹಿಡಿದು ಮೇಲಕ್ಕೆ ಜಗ್ಗಿದ. ನಾನು ಹುಚ್ಚನ ಹಾಗೆ ಕೂಗಿದೆ.

“ಜಗ್ಗಬ್ಯಾಡ್ರಿ! ತಂತಿ ಕೆಳಮುಖ ಆಗ್ಯಾವು. ಜಗ್ಗಿದಷ್ಟೂ ಮಾಂಸಕ್ಕ ನೆಡತಾವು. ಹಂಗ ಎತ್ತಿ ಹಿಡೀರಿ, ಭಾರ ಬಿಡಬ್ಯಾಡ್ರಿ. ನಾ ಕೆಳಗಿಂದ ಕತ್ತರಸ್ತೀನಿ!”

ಕಟಿಂಗ್ ಪ್ಲೇಯರ್ ಹಿಡಿದು ನಿಚ್ಚಣಿಕೆ ಇಳಿದು ಗೌಡರ ಹಿತ್ತಲ ಬಾಗಿಲಿಗೆ ಓಡಿದೆ. ಹನಮಗೌಡರು ಚೌಕಟ್ಟಿಗೆ ಎರಡೂ ಕೈ ಹಚ್ಚಿ ನಿಂತಿದ್ದರು. ಅವರ ಭುಜದ ಮೇಲಿಂದ ಒಳಗೆ ಕಾಣುತ್ತಿತ್ತು. ಒಲೆಯ ಮೇಲ್ಗಡೆ ನೀಲವ್ವನ ಕಾಲು ತೂಗುತ್ತಿತ್ತು. ಹಿಮ್ಮಡಿಯಿಂದ ರಕ್ತ ಧಾರೆಯಾಗಿ ಬೂದಿಯ ಮೇಲೆ ಬೀಳುತ್ತಿತ್ತು.

“ದಾರಿ ಬಿಡ್ರಿ ಗೌಡ್ರ!”

“ತಡಿ. ಒಂದೀಟು ತಡಿ.” ಅವರು ಹಿಂದೆ ತಿರುಗಿ ಹೆಂಡತಿಗೆ ಕೂಗಿದರು. “ಹರವಿ ಹೊರಗ ಇಡು ಬೇ! ಜಗಲಿಗೆ ಪರದೆ ಎಳಿ!”

ಹರವಿ ಎಂದರೆ ಕುಡಿಯುವ ನೀರಿನ ದೊಡ್ಡ ಮಣ್ಣಿನ ಗಡಿಗೆ. ಕೆರೆಯಿಂದ ಹೊತ್ತು ತಂದು ತುಂಬಿಸಿದ ನೀರು. ಒಳಗೆ ಗೌಡರ ಹೆಂಡತಿ ಗಂಗವ್ವ ಮತ್ತು ಕೆಲಸದ ಹೆಂಗಸು ಅದನ್ನು ಎರಡೂ ಕಡೆಯಿಂದ ಹಿಡಿದು, ತುಳುಕದ ಹಾಗೆ, ಮೆಲ್ಲಗೆ ಎತ್ತಿದರು. ಮೆಲ್ಲಗೆ ನಡೆದರು. ಮೇಲೆ ನೀಲವ್ವ “ಯವ್ವಾ, ಯವ್ವಾ” ಎನ್ನುತ್ತಿದ್ದಳು. ಅವಳ 'ಯವ್ವಾ' ಎನ್ನುವ ದನಿ ಸಣ್ಣದಾಗುತ್ತಿತ್ತು. ಅವರು ಹರವಿ ಇಳಿಸಿ, ದೇವರ ಜಗಲಿಯ ಪರದೆ ಎಳೆಯಲು ಹೊರಟರು. ನಾನು ಗೌಡರ ತೋಳಿನ ಕೆಳಗೆ ತೂರಿ ಒಳಗೆ ನುಗ್ಗಿದೆ.

ಒರಳುಕಲ್ಲಿನ ಮೇಲೆ ನಿಂತು ಒಂದೊಂದೇ ತಂತಿ ಕತ್ತರಿಸಿದೆ. ಗಾಜಿನ ಚೂರು ಮುಖಕ್ಕೆ ಬೀಳುತ್ತಿತ್ತು. ಕೊನೆಯ ತಂತಿ ಬಿಟ್ಟಾಗ ಮೇಲಿನಿಂದ ಅವಳನ್ನು ಎತ್ತಿಕೊಂಡರು. ನನ್ನ ಟವಲಿನಿಂದ ತೊಡೆ ಬಿಗಿದು ಟ್ರ್ಯಾಕ್ಟರಿನಲ್ಲಿ ಹಾಕಿ ನವಲಗುಂದಕ್ಕೆ, ಅಲ್ಲಿಂದ ಹುಬ್ಬಳ್ಳಿಗೆ ಒಯ್ದರು. ಜೀವ ಉಳಿಯಿತು. ಕಾಲೂ ಉಳಿಯಿತು, ಆದರೆ ಆ ಮೊಣಕಾಲು ಮತ್ತೆ ಮಡಚಲಿಲ್ಲ. ತಡವಾಗಿ ರಕ್ತ ಬಹಳ ಹೋಗಿದೆ ಎಂದು ಡಾಕ್ಟರು ಬೈದರಂತೆ. ಏಕೆ ತಡವಾಯಿತು ಎಂದು ಅವರಿಗೆ ಯಾರೂ ಹೇಳಲಿಲ್ಲ.

ಅವಳಿನ್ನೂ ಆಸ್ಪತ್ರೆಯಲ್ಲಿ ಇರುವಾಗಲೇ ಗೌಡರ ಅಡಿಗೆಮನೆಯನ್ನು ಸೆಗಣಿ ಹಾಕಿ ಸಾರಿಸಿ ಗೋಮೂತ್ರ ಚಿಮುಕಿಸಿದರು. ಅವಳ ರಕ್ತಕ್ಕಾಗಿ ಅಲ್ಲ, ನನ್ನ ಕಾಲಿಗಾಗಿ. ಊರಲ್ಲಿ ಆಡಿದ ಮಾತು ಇನ್ನೂ ಚಂದ. ಫಿಟ್ಟರ್ ಹಾಕಿದ ಗಾಜು ಸರಿ ಇರಲಿಲ್ಲ ಎಂದು ಗಂಡಸರು. ಸೊಸೆ ಕಣ್ಣು ನೆಟ್ಟಗಿಟ್ಟು ನಡೆಯಬಾರದಿತ್ತೇ ಎಂದು ಹೆಂಗಸರು. ಮಾಲಕರು ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, “ಅಂಗಡಿ ಹೆಸರು ಕೆಡಸಿದಿ” ಎಂದರು. ಆ ದಿನ ನಾನು ಬಾಯಿ ಮುಚ್ಚಿಕೊಂಡು ಗುಡಿಸಲಿಲ್ಲ. ಗ್ರಿಲ್ಲು ಎಲ್ಲಿದೆ, ಕಟ್ಟೆ ಒಡೆಸಿದವರು ಯಾರು, ಬಾಗಿಲಿಗೆ ಅಡ್ಡ ನಿಂತವರು ಯಾರು, ಎಲ್ಲವನ್ನೂ ಅಂಗಡಿಯ ಕಟ್ಟೆಯ ಮೇಲೆ ನಿಂತು ಸಂತೆಯ ಜನ ಕೇಳುವ ಹಾಗೆ ಕೂಗಿ ಹೇಳಿದೆ. ಮಾಲಕರು ಕೆಲಸದಿಂದ ತೆಗೆಯುತ್ತೇನೆಂದರು. ತೆಗೆಯಲಿಲ್ಲ. ಬೇರೆ ಫಿಟ್ಟರ್ ಸಿಗಬೇಕಲ್ಲ.

ಮಳೆಗಾಲ ಹತ್ತಿರ ಬಂತು. ಗೌಡರ ಬೆಳಕಿಂಡಿ ಬಾಯಿ ತೆರೆದೇ ಇತ್ತು. ಮತ್ತೆ ನನಗೇ ಹೇಳಿ ಕಳಿಸಿದರು. ಹೊಸ ತಂತಿ ಗಾಜು, ಬೋಲ್ಟು, ಡ್ರಿಲ್ಲು ಹೊತ್ತುಕೊಂಡು ಹೋದೆ. ಗೋಡೆಗೆ ಅದೇ ನಿಚ್ಚಣಿಕೆ ಹಚ್ಚಿದ್ದರು. ನಾನು ಅದನ್ನು ಮುಟ್ಟಲಿಲ್ಲ.

“ಮೊದಲ ಗ್ರಿಲ್, ಆಮ್ಯಾಲ ಗಾಜು” ಎಂದೆ. “ಗ್ರಿಲ್ ನಾನ ಹಚ್ಚಾಂವ, ಒಳಗ ನಿಂತು. ಇಲ್ಲಾಂದ್ರ ಗಾಜು ಹೊಳ್ಳಿ ಒಯ್ತೀನ್ರಿ.”

ಗೌಡರು ಮೀಸೆ ತೀಡಿದರು. ಒಳಗೆ ಮುಖ ಮಾಡಿ, “ಏ, ಹರವಿ ಹೊರಗ ತಗೀರಿ” ಎಂದರು.

ಒಳಗಿನಿಂದ ಗಂಗವ್ವ ಬರಲಿಲ್ಲ. ನೀಲವ್ವ ಬಂದಳು. ಗೋಡೆ ಹಿಡಿದು, ಮಡಚದ ಕಾಲನ್ನು ಎಳೆಯುತ್ತ ಬಂದು ಹೊಸ್ತಿಲಿನ ಮೇಲೆ ನಿಂತಳು. ತಲೆಯ ಸೆರಗು ಹಿಂದಕ್ಕೆ ಸರಿಸಿದಳು. ಮಾವನ ಎದುರು ಅವಳು ಹಾಗೆ ಮಾಡಿದ್ದನ್ನು ಆ ಊರಲ್ಲಿ ಯಾರೂ ನೋಡಿರಲಿಲ್ಲ.

“ಮಾವಾರ, ಅವತ್ತ ಹರವಿ ಹೊರಗ ಹೋಗೂತನಕ ನಾ ಅಲ್ಲಿ ತೂಗ್ಯಾಡಿದೆ. ಇವತ್ತೂ ಹರವಿ ಹೊರಗ ಇಡೂದಾದ್ರ, ಅದರ ಬಾಜೂಕ ನನ್ನೂ ಇಡ್ರಿ.”

ಅವಳು ಕೂಗಿ ಹೇಳಲಿಲ್ಲ. ಗೌಡರು ಕೊಟ್ಟಿಗೆಯ ಕಡೆ ಹೊರಟುಹೋದರು. ಬಾ ಎಂದು ಯಾರೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ. ಹರವಿ ತನ್ನ ಜಾಗದಲ್ಲಿತ್ತು.

ಕೊಟ್ಟಿಗೆಯಿಂದ ಗ್ರಿಲ್ಲು ತಂದು ತೊಲೆಗೆ ಹಚ್ಚಿದೆ. ಮೇಲೆ ಗಾಜು ಕೂರಿಸಿ, ಸುತ್ತ ಹೊಸ ಕಟ್ಟೆ ಕಟ್ಟಿದೆ. ಇಳಿದು ಬಂದಾಗ ನೀಲವ್ವ ಆ ಹರವಿಯಿಂದಲೇ ನೀರು ತೆಗೆದು ಮನೆಯ ತಂಬಿಗೆಯಲ್ಲಿ ಕೊಟ್ಟಳು. ಕುಡಿದೆ. ನೀರು ತಣ್ಣಗಿತ್ತು. ನನ್ನ ಸಿಟ್ಟು ತಣ್ಣಗಾಗಲಿಲ್ಲ, ಇವತ್ತಿಗೂ ಆಗಿಲ್ಲ.

ಮುಂದಿನ ಸಂತೆಯಲ್ಲಿ ಆ ಊರಿನವರು ಸಿಕ್ಕು ಹೇಳಿದರು. ನಾನು ಅತ್ತ ಹೋದಕೂಡಲೇ ಗೌಡರು ಹರವಿಯನ್ನು ಹಿತ್ತಲಿಗೆ ಒಯ್ದು ಕಲ್ಲಿಗೆ ಅಪ್ಪಳಿಸಿದರಂತೆ. ಗ್ರಿಲ್ಲನ್ನೂ ಕಿತ್ತುಹಾಕಿ ಬಡಿಗನ ಕೈಯಿಂದ ಬೇರೆ ಹಚ್ಚಿಸಬೇಕೆಂದು ಆಳನ್ನು ಹತ್ತಿಸಿದರಂತೆ. ಆಳಿನ ಕೈಯಲ್ಲಿ ಆಗಲಿಲ್ಲ. ಹೇಗೆ ಆಗುತ್ತದೆ? ನಾನು ತೊಲೆಯಲ್ಲಿ ಈ ಕಡೆಯಿಂದ ಆ ಕಡೆಗೆ ತೂತು ಕೊರೆದು ಬೋಲ್ಟು ಹಾಕಿ, ನಟ್ಟು ಬಿಗಿದು, ಬೋಲ್ಟಿನ ತುದಿಯನ್ನು ಸುತ್ತಿಗೆಯಿಂದ ಬಡಿದು ಅಗಲ ಮಾಡಿ ಬಂದಿದ್ದೆ. ಅದನ್ನು ತೆಗೆಯಬೇಕಾದರೆ ತೊಲೆ ಕೊಯ್ಯಬೇಕು. ತೊಲೆ ಕೊಯ್ದರೆ ಗೌಡರ ಮನೆ ಗೌಡರ ತಲೆಯ ಮೇಲೆ ಬೀಳುತ್ತದೆ.